ಸಹಾಯ ಬೇಕು: ಹಾಡುವವನ ಪಟ್ಟಿ (ಶ್ರುತಿ) ಇಳಿದೈತಿ, ತಬಲಾ ಕೂಡವಲ್ದು

ನಮಸ್ಕಾರ್ರೀ. ಕೊಪ್ಪಳದ ಹತ್ರ ನಮ್ಮದೊಂದು ಭಜನಾ ಮಂಡಳಿ ಐತಿ. ಹಗಲು ಹೊಲ, ಗಾರೆ ಕೆಲಸ. ಶ್ರಾವಣ ಬಂತಂದ್ರ ಹಾರ್ಮೋನಿಯಂ, ತಬಲಾ, ತಾಳ ಎಲ್ಲಾ ಟಂಟಂನ್ಯಾಗ ಹಾಕ್ಕೊಂಡು ಊರೂರು ತಿರುಗೋದು. ರಾತ್ರಿ ಕುಂತ್ರ ಬೆಳತನ ಹಾಡಕಿ.

ಮುಂದ ಹಾಡುವವ ನನ್ನ ಬಾಲ್ಯದ ಗೆಳೆಯ. ಮೊದಲು ಕಪ್ಪು ಎರಡರಾಗ, ಅಂದ್ರ ಹಾರ್ಮೋನಿಯಂದ ಎರಡನೇ ಕಪ್ಪು ಕೀ ಶ್ರುತಿಗೆ, ಹಾಡ್ತಿದ್ದ. ಈಗ ಗಂಟಲದ ತ್ರಾಸು, ಡಾಕ್ಟರು ಮ್ಯಾಲೆ ಎಳೀಬ್ಯಾಡ ಅಂದಾರ. ಅದಕ್ಕಿಂತ ಕೆಳಗಿನ ಬಿಳಿ ಒಂದರಾಗ ಆರಾಮ ಹಾಡ್ತಾನ. ಬ್ಯಾರೆ ಹಾಡುವವನ್ನ ನೋಡ್ರಿ ಅಂತ ಊರಾಗ ಹೇಳೋರದಾರ. ಅದೊಂದು ಸಲಹೆ ಬ್ಯಾಡ್ರೀ.

ತೊಂದ್ರಿ ತಬಲಾದ್ದು. ನಮ್ಮದು ಐದು ಇಂಚಿನ ಬಾಯಿ. ಗಟ್ಟಾ (ಬದಿಯ ಕಟ್ಟಿಗಿ ತುಂಡು) ಮ್ಯಾಲಕ್ಕ ಬಡಿದು ಶ್ರುತಿ ಇಳಿಸಿದ್ವಿ, ಚರ್ಮ ಸಡ್ಲಾಗಿ ನಾದನೇ ಹೋತು, ಬರೇ ಡಬ್ ಡಬ್. ಮೊದಲೇ ಮಳಿಗಾಲದ ತಂಪಿಗೆ ಅದು ಇಳಿದಿರತೈತಿ. ‘ಸ’ ಬಿಟ್ಟು ‘ಮ’ಕ್ಕ, ಅಂದ್ರ ಬಿಳಿ ನಾಲ್ಕಕ್ಕ ಏರಿಸ್ರಿ ಅಂದ್ರು ಒಬ್ಬರು. ಹರಿದ್ರ ಹೊಸ ಪುಡಿ (ತಬಲಾದ ಮ್ಯಾಲಿನ ಚರ್ಮ) ಹಾಕಿಸೋ ಖರ್ಚು ಯಾರು ಕೊಡ್ತಾರ? ಅಂಗಡ್ಯಾಗ ಒಬ್ಬ ಐದೂವರಿ ಇಂಚು ಸಾಕಂತಾನ, ಇನ್ನೊಬ್ಬ ಆರು ಬೇಕಂತಾನ.

ತಬಲಾ ಬಾರಿಸೋರು ಹೇಳ್ರಿ: ಇದನ್ನ ‘ಮ’ಕ್ಕ ಏರಿಸಿದ್ರ ರಾತ್ರಿಯೆಲ್ಲಾ ತಡೀತೈತೇನು? ಇಲ್ಲಾಂದ್ರ ಬಿಳಿ ಒಂದಕ್ಕ ಎಷ್ಟು ಇಂಚಿಂದು ತಗೋಬೇಕು?