ಬೇಸ್‌ಮೆಂಟಲ್ಲಿ ಮಕ್ಕಳು ಆಡ್ತಾರಾ? ರೇಡಾನ್ ಟೆಸ್ಟ್ ಮಾಡಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟಾದಲ್ಲಿ ಮನೆ ಹುಡುಕುವಾಗ ನಾವೆಲ್ಲ ಸ್ಕೂಲ್ ಹೇಗಿದೆ, ಟ್ಯಾಕ್ಸ್ ಎಷ್ಟು ಅಂತ ವಿಚಾರಿಸುತ್ತೇವೆ. ಮಣ್ಣಿನಿಂದ ಮನೆಯೊಳಗೆ ನುಸುಳುವ ವಿಕಿರಣಶೀಲ ಅನಿಲ ರೇಡಾನ್ ಎಷ್ಟಿದೆ ಅಂತ ನಾನಂತೂ ಕೇಳಿರಲಿಲ್ಲ.

ಮೂರು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಚಳಿಗಾಲದಲ್ಲಿ ಮಗಳ ಆಟ, ಊರಿಂದ ಬಂದ ಅಮ್ಮನ ಹಾಸಿಗೆ ಎಲ್ಲ ಬೇಸ್‌ಮೆಂಟಲ್ಲೇ. ಪಕ್ಕದ ಮನೆಯವರು ಹೇಳಿದ ಮೇಲೆ ಒಂದು ರೇಡಾನ್ ಟೆಸ್ಟ್ ಕಿಟ್ ತಂದಿಟ್ಟೆ. ಲೀಟರ್ ಗಾಳಿಗೆ 9.1 ಪಿಕೊಕ್ಯೂರಿ (ವಿಕಿರಣದ ಅಳತೆ) ಬಂತು. ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ, 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಪಡಿಸಿ ಅನ್ನುತ್ತದೆ. ಮಾಲೀಕರಿಗೆ ಹೇಳಿದರೆ, "ಸರಿಪಡಿಸಲೇಬೇಕು ಅಂತ ಕಾನೂನಿಲ್ಲ" ಅಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಣ್ಣಿನಲ್ಲಿರುವ ಯುರೇನಿಯಂನಿಂದ ಹುಟ್ಟುವ ಅನಿಲ ಈ ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ. ಹೀಟರ್ ಹಾಕಿದಾಗ ಬಿಸಿ ಗಾಳಿ ಮೇಲೇರುತ್ತದೆ, ಆಗ ಮನೆ ತನ್ನ ನೆಲದ ಬಿರುಕಿನಿಂದ ಮಣ್ಣಿನ ಗಾಳಿಯನ್ನು ಒಳಗೆಳೆಯುತ್ತದೆ. ಕಿಟಕಿಯೋ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ತಲೆನೋವು, ಕೆಮ್ಮು ಏನೂ ಬರುವುದಿಲ್ಲ. ಎಷ್ಟೋ ವರ್ಷದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಸಾವು ಇದರಿಂದ ಅಂತ ಇಪಿಎ ಅಂದಾಜು. ಸಿಗರೇಟ್ ಸೇದುವವರಿಗೆ ಅಪಾಯ ತುಂಬಾ ಜಾಸ್ತಿ, ಆದರೆ ಸೇದದವರೂ ಸಾಯುತ್ತಾರೆ.

ನಮ್ಮ ಮಿನ್ನೆಸೋಟಾದಲ್ಲಿ ಐದರಲ್ಲಿ ಎರಡು ಮನೆಗಳಲ್ಲಿ 4ಕ್ಕಿಂತ ಹೆಚ್ಚಿರುತ್ತದೆ. 4 ಅಂದರೆ ಸುರಕ್ಷಿತ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಸುಮಾರು 2.7. 2009ರಿಂದ ಇಲ್ಲಿ ಹೊಸ ಮನೆ ಕಟ್ಟುವಾಗಲೇ ರೇಡಾನ್ ಹೊರಗೆ ಬಿಡುವ ಪೈಪ್ ಹಾಕಬೇಕು. 2014ರಿಂದ ಮನೆ ಮಾರುವವರು ತಮಗೆ ಗೊತ್ತಿರುವ ರೇಡಾನ್ ವಿವರ ತಿಳಿಸಬೇಕು. ಆದರೆ ಟೆಸ್ಟ್ ಮಾಡಿಸಲೇಬೇಕು ಅಂತಿಲ್ಲ! ಟೆಸ್ಟ್ ಮಾಡದಿದ್ದರೆ ತಿಳಿಸೋದಕ್ಕೂ ಏನೂ ಇರುವುದಿಲ್ಲ ಅಲ್ವಾ?

ಮಾರುವ ಮುಂಚೆ, ಬಾಡಿಗೆಗೆ ಕೊಡುವ ಮುಂಚೆ ಟೆಸ್ಟ್ ಕಡ್ಡಾಯ ಆಗಬೇಕು. 4 ದಾಟಿದ ಬಾಡಿಗೆ ಮನೆಯನ್ನು ಮಾಲೀಕರೇ ಸರಿಪಡಿಸಬೇಕು. ಹಾಗೆ ಮಾಡಿದರೆ ಬಾಡಿಗೆ ಏರುತ್ತದೆ ಅಂತ ಕೆಲವರು ಹೇಳುತ್ತಾರೆ, ಏರಬಹುದು. ಆದರೆ ದೊಡ್ಡ ಖರ್ಚು ಒಂದು ಸಲದ್ದು. ಈಗಿನ ಸ್ವಂತ ಮನೆಯಲ್ಲಿ 7 ಇತ್ತು. ನೆಲದಡಿಯ ಗಾಳಿ ಎಳೆದು ಸೂರಿನ ಮೇಲೆ ಬಿಡುವ ಪೈಪು, ಫ್ಯಾನು ಹಾಕಿಸಿದೆವು. 1,800 ಡಾಲರ್ ಆಯಿತು, ಈಗ 1.2 ಇದೆ. ಹೊಸದಾಗಿ ಬಂದು ಬಾಡಿಗೆ ಮನೆಯಲ್ಲಿರುವವರಿಗೆ ಆ ಫ್ಯಾನ್ ಹಾಕಿಸಲು ಆಗುವುದಿಲ್ಲ, ಅವರು ಮಾಲೀಕರ ಜೊತೆ ಜಗಳಕ್ಕೂ ಹೆದರುತ್ತಾರೆ. ಕಾನೂನು ಬೇಕಿರುವುದು ಅವರಿಗೆ.

ಗಾಬರಿ ಬೇಡ, ಸುಮ್ನೆ ಕೂರುವುದೂ ಬೇಡ. ಟೆಸ್ಟಿಗೆ 12 ಗಂಟೆ ಮೊದಲೇ ಕಿಟಕಿ ಮುಚ್ಚಿ, ನೀವು ಓಡಾಡುವ ಅತಿ ಕೆಳಗಿನ ಮಹಡಿಯಲ್ಲಿ ಕಿಟ್ ಇಡಿ. ಅಡುಗೆಮನೆ, ಬಾತ್‌ರೂಮ್ ಬೇಡ. ನನ್ನ ಹತ್ತಿರ ಡಿಜಿಟಲ್ ಮೀಟರ್ ಇದೆ. ಬೇಕಾದವರು ಮೆಸೇಜ್ ಮಾಡಿ, ಭಾನುವಾರ ಕನ್ನಡ ಶಾಲೆಗೆ ತರುತ್ತೇನೆ.