ಅಪವರ್ತನವೋ, ಅಪವರ್ತಕವೋ?

ಎಲ್ಲರಿಗೂ ನಮಸ್ಕಾರ. ಗಣಿತವನ್ನು ಕನ್ನಡದಲ್ಲಿ ಕಲಿಸುವವರು, ಸಂಸ್ಕೃತ ವ್ಯಾಕರಣ ಬಲ್ಲವರು ದಯವಿಟ್ಟು ಇದನ್ನು ನೋಡಿ.

4ರಿಂದ 36ನ್ನು ಭಾಗಿಸಿದರೆ ಏನೂ ಉಳಿಯಲ್ಲ, ಹಾಗಾಗಿ 4 ಅನ್ನುವುದು 36ರ ಅಪವರ್ತನ, 36 ಅನ್ನುವುದು 4ರ ಅಪವರ್ತ್ಯ. ನಮ್ಮ ಪಠ್ಯಪುಸ್ತಕಗಳಲ್ಲಿ ಇರೋದು ಹೀಗೆ. ಎರಡೂ ಪದ ಕಿವಿಗೆ ಒಂದೇ ತರ ಕೇಳುತ್ತವೆ, ಅರ್ಥ ಮಾತ್ರ ಪೂರ್ತಿ ಉಲ್ಟಾ. ಮಹತ್ತಮ ಸಾಮಾನ್ಯ ಅಪವರ್ತನ, ಲಘುತ್ತಮ ಸಾಮಾನ್ಯ ಅಪವರ್ತ್ಯ ಇವನ್ನು ಮ.ಸಾ.ಅ., ಲ.ಸಾ.ಅ. ಅಂತ ಚಿಕ್ಕದು ಮಾಡಿದ ಮೇಲಂತೂ ಕೊನೆಯಲ್ಲಿ ಅದೇ ಅ ಉಳಿಯುತ್ತದೆ, ಒಂದು ಕಡೆ ಅದು ಅಪವರ್ತನ, ಇನ್ನೊಂದು ಕಡೆ ಅಪವರ್ತ್ಯ.

36 ಮತ್ತು 48 ತಗೊಳ್ಳಿ. 36ರ ಜೋಡಿಗಳು 1×36, 2×18, 3×12, 4×9, 6×6. ಅಲ್ಲಿಗೆ ನಿಲ್ಲಿಸಬಹುದು, ಮುಂದೆ ಬರೋದೆಲ್ಲ ಇವೇ ತಿರುಗುಮುರುಗಾಗಿ. 48ಕ್ಕೆ 1×48, 2×24, 3×16, 4×12, 6×8. ಎರಡರಲ್ಲೂ ಇರುವವು 1, 2, 3, 4, 6, 12. ಹಾಗಾಗಿ ಮ.ಸಾ.ಅ. 12, ಲ.ಸಾ.ಅ. 144. 'ಮಹತ್ತಮ' ಅಂತ ಕರೆಸಿಕೊಂಡದ್ದು ಎರಡೂ ಸಂಖ್ಯೆಗಳಿಗಿಂತ ಚಿಕ್ಕದು, 'ಲಘುತ್ತಮ' ಎರಡಕ್ಕಿಂತಲೂ ದೊಡ್ಡದು! ಮಕ್ಕಳು ತಡವರಿಸೋದು ಇಲ್ಲೇ. ಕೊನೆಯ ಅಕ್ಷರವಾದರೂ ಬೇರೆಯಾಗಿದ್ದರೆ ಅವರಿಗೊಂದು ಗುರುತು ಸಿಗುತ್ತಿತ್ತು.

ನನ್ನ ಪ್ರಶ್ನೆ ಇದು. ಭಾಜ್ಯಕ್ಕೆ ಭಾಜಕ ಇದೆ, ಗುಣ್ಯಕ್ಕೆ ಗುಣಕ ಇದೆ. ಹಾಗಾದರೆ ಅಪವರ್ತ್ಯಕ್ಕೆ ಅಪವರ್ತಕ ಇರಬೇಕಲ್ವಾ? ಹಿಂದಿಯಲ್ಲಿ 'ಮಹತ್ತಮ ಸಮಾಪವರ್ತಕ' ಅಂತಲೇ ಇದೆ. ಗುಣಕ ಅಂದರೆ ಗುಣಿಸುವ ಸಂಖ್ಯೆ, ಗುಣನ ಅಂದರೆ ಗುಣಿಸುವ ಕೆಲಸ. ನಾವು ಕೆಲಸದ ಹೆಸರಿನಂತಿರುವ 'ಅಪವರ್ತನ'ವನ್ನು ಸಂಖ್ಯೆಗೇ ಕೊಟ್ಟುಬಿಟ್ಟು, ಆಮೇಲೆ ಆ ಕೆಲಸಕ್ಕೆ ಹೆಸರಿಲ್ಲದೆ 'ಅಪವರ್ತಿಸುವಿಕೆ' ಅಂತ ಉದ್ದ ಮಾಡಿಕೊಂಡಿದ್ದೇವೆ ಅನಿಸುತ್ತದೆ.

ಆದರೆ ಪುಸ್ತಕದ ಪದ ತಪ್ಪು ಅಂತ ನಾನು ಹೇಳಲ್ಲ. ಅದಕ್ಕೆ ಹಳೆಯ ಆಧಾರ ಇದೆ. 1150ರ ಲೀಲಾವತಿಯಲ್ಲಿ, ಕುಟ್ಟಕ ಅನ್ನುವ, ಒಂದು ಬಗೆಯ ಸಮೀಕರಣ ಬಿಡಿಸುವ ವಿಧಾನದ ಭಾಗದಲ್ಲಿ, ಭಾಸ್ಕರಾಚಾರ್ಯರು ಎರಡು ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸುತ್ತಾ ಹೋಗಿ ಕೊನೆಗೆ ಸಿಗುವ ಶೇಷಕ್ಕೆ ಅಪವರ್ತನ ಅನ್ನುತ್ತಾರೆ. 48ನ್ನು 36ರಿಂದ ಭಾಗಿಸಿ, 12 ಉಳಿಯುತ್ತದೆ. 36ನ್ನು 12ರಿಂದ ಭಾಗಿಸಿ, ಏನೂ ಉಳಿಯಲ್ಲ. ಆ 12 ಅಪವರ್ತನ. ಅಂದರೆ ನಾವು ಮೂರು ಪದ ಸೇರಿಸಿ ಹೇಳುವ ಮ.ಸಾ.ಅ.ಗೆ ಅವರಿಗೆ ಈ ಒಂದೇ ಪದ ಸಾಕಾಗಿತ್ತು! ಈಗ ಅದೇ ಪದ 1, 2, 3 ಎಲ್ಲಕ್ಕೂ ಸಲ್ಲುತ್ತದೆ. ಈ ಅರ್ಥ ಕನ್ನಡದಲ್ಲಿ ಯಾವಾಗ ಹಿಗ್ಗಿತು? ಹಳೆಯ ಕನ್ನಡ ಗಣಿತ ಪುಸ್ತಕಗಳಲ್ಲಿ 'ಅಪವರ್ತಕ' ಕಂಡವರಿದ್ದಾರಾ? ಇದ್ದರೆ ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ.

ಇನ್ನೊಂದು, ಚಿಕ್ಕದು. ಮೇಲಿನ 4×9ರಂಥವಕ್ಕೆ 'ಅಪವರ್ತನ ಯುಗ್ಮ' ಅನ್ನುವ ಹೆಸರು ಬೇಡ, 'ಜೋಡಿ' ಸಾಕು ಅನ್ನೋದು ನನ್ನ ಮತ. ಬೇರೆಯವರು ಏನಂತೀರಿ?