ಡಯಾಲಿಸಿಸ್‌ನವರ ಮೊಬೈಲ್ ಬಗ್ಗೆ ಅಧ್ಯಯನ: ಅವರನ್ನೇ ಮೊದಲು ಕೇಳುವುದು ಹೇಗೆ?

ಕೇಳಿದ್ದು: ಮೈಸೂರಿನಲ್ಲಿ ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾಟ್ಸಾಪ್, ಯೂಟ್ಯೂಬ್, ಫೇಸ್‌ಬುಕ್ ಹೇಗೆ ಬಳಸುತ್ತಾರೆ ಅನ್ನುವುದು ನನ್ನ ವಿಷಯ. ಪ್ರಶ್ನೆ ಬರೆಯುವ ಮೊದಲೇ ರೋಗಿಗಳನ್ನು ಜೊತೆಗೆ ಕೂರಿಸಿಕೋ ಅಂತ ಗೈಡ್ ಹೇಳಿದ್ದಾರೆ. ಹೇಗೆ ಶುರು ಮಾಡಲಿ?

ಪುತ್ತೂರು ಕಡೆಯವರು, ಡಯಾಲಿಸಿಸ್‌ನ 7ನೇ ವರ್ಷ: ಒಳ್ಳೆ ಗೈಡ್ ಸಿಕ್ಕಿದ್ದಾರೆ ನಿಮಗೆ. ನಮ್ಮಲ್ಲಿಗೆ ಒಬ್ಬರು ರೆಡಿ ಫಾರಂ ಹಿಡಿದುಕೊಂಡೇ ಬಂದಿದ್ದರು. ಮೊದಲ ಪ್ರಶ್ನೆ, ದಿನಕ್ಕೆ ಸರಾಸರಿ ಎಷ್ಟು ಗಂಟೆ ಸೋಷಿಯಲ್ ಮೀಡಿಯಾ ಬಳಸುತ್ತೀರಿ? ಯಾವ ದಿನ ಅಂತ ನಾನು ಕೇಳಿದೆ. ಅವರು ಸುಮ್ನೆ ಮುಖ ನೋಡಿದರು. ಸೋಮವಾರ, ಬುಧವಾರ, ಶುಕ್ರವಾರ 4 ಗಂಟೆ ಮಲಗಿರುತ್ತೇನೆ. ಎಡಗೈ ಫಿಸ್ಟುಲಾದಲ್ಲಿ (ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಎರಡು ಸೂಜಿ, ಅಲ್ಲಾಡಿಸುವ ಹಾಗಿಲ್ಲ. ಬಲಗೈ ಒಂದರಲ್ಲೇ ಫೋನ್. ಟೈಪ್ ಮಾಡುವುದು ಕಷ್ಟ, ಹಾಗಾಗಿ ರೀಲ್ಸ್, ವಾಯ್ಸ್ ಮೆಸೇಜ್. ಮಿಕ್ಕ ದಿನ ಅಂಗಡಿ, ಫೋನ್ ಮುಟ್ಟುವುದೇ ಕಡಿಮೆ. ಇದಕ್ಕೆ ಎಂಥ ಸರಾಸರಿ?

ಪಕ್ಕದ ಬೆಡ್ಡಿನ ಅಜ್ಜ ತಾನು ಅದೆಲ್ಲ ನೋಡುವುದಿಲ್ಲ ಅಂತ ಬರೆಸಿದರು. ಅಷ್ಟೊತ್ತೂ ಅವರ ಫೋನಿನಲ್ಲಿ ಯಕ್ಷಗಾನ ಓಡುತ್ತಿತ್ತು! ಅವರ ಲೆಕ್ಕದಲ್ಲಿ ಯೂಟ್ಯೂಬ್ ಅಂದರೆ ಟೀವಿ.

ಮೊದಲೇ ನಮ್ಮಲ್ಲಿ ಇಬ್ಬರ ಹತ್ತಿರ ಕೂತು ಮಾತಾಡಿದ್ದರೆ ಗಂಟೆ ಲೆಕ್ಕ ಬಿಡಿ, ಫಾರ್ವರ್ಡ್ ನಂಬಿ ಏನೇನು ತಿಂದಿದ್ದೀರಿ ಅಂತ ಕೇಳಿ ಎನ್ನುತ್ತಿದ್ದೆವು. ದಾರೆಹುಳಿ (ಸ್ಟಾರ್ ಫ್ರೂಟ್) ಜ್ಯೂಸ್ ಕುಡಿದರೆ ಕಿಡ್ನಿ ಕ್ಲೀನ್ ಅಂತ ನಮ್ಮ ರೋಗಿಗಳ ವಾಟ್ಸಾಪ್ ಗ್ರೂಪಿಗೇ ಬಂದಿತ್ತು. ಕಿಡ್ನಿ ಹೋದವರಿಗೆ ದಾರೆಹುಳಿ ವಿಷ. ಬಿಕ್ಕಳಿಕೆ ಹಿಡಿದರೆ ನಿಲ್ಲುವುದಿಲ್ಲ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ನಮ್ಮೂರಲ್ಲಿ ಅದು ಮನೆ ಮನೆ ಹಿತ್ತಲಲ್ಲಿದೆ.

ಡಯಾಲಿಸಿಸ್ ಟೆಕ್ನಿಷಿಯನ್: ಸಮಯದ ವಿಷಯ. ಶುರುವಿನಲ್ಲಿ ಸೂಜಿ, ಬಿಪಿ ಅಂತ ಗಡಿಬಿಡಿ. ಕೊನೆ ಗಂಟೆಯಲ್ಲಿ ಬಿಪಿ ಇಳಿಯುತ್ತೆ, ಕಾಲು ಸೆಳೆತ ಬರುತ್ತೆ. ಮುಗಿದ ಮೇಲಂತೂ ಜೀವ ಹಿಂಡಿದ ಹಾಗಿರುತ್ತಾರೆ. ಎರಡನೇ ಗಂಟೆ ಪರವಾಗಿಲ್ಲ. ಆದರೆ ಮೆಷಿನ್ನಿನಲ್ಲಿ ಇರುವವರು ಎದ್ದು ಹೋಗುವ ಹಾಗಿಲ್ಲ ಅನ್ನುವುದು ನೆನಪಿರಲಿ. ಬೇಡ ಅಂದರೆ ತಮ್ಮ ಡಯಾಲಿಸಿಸ್ ಸ್ಲಾಟಿಗೆ ತೊಂದರೆ ಆಗುತ್ತೇನೋ ಅನ್ನುವ ಭಯವೂ ಇರುತ್ತೆ. ದಯವಿಟ್ಟು ನಮ್ಮ ಕೈಯಿಂದ ಕೇಳಿಸಬೇಡಿ. ನಾವು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಮಂಡ್ಯದ ಗೃಹಿಣಿ: ಹೊರಗೆ ಬೆಂಚಿನ ಮೇಲೆ ಕಾಯುವ ನಮ್ಮನ್ನೂ ಕರೆಯಿರಿ. ನಮ್ಮ ಮನೆಯವರ ವಾಟ್ಸಾಪ್ ನೋಡುವುದು ನಾನೇ. ಎಲ್ಲಿ ಸ್ಲಾಟ್ ಖಾಲಿ ಇದೆ, ಯಾರಿಗೆ ರಕ್ತ ಬೇಕು ಎಲ್ಲಾ ಅದರಲ್ಲೇ. ಇನ್ನೊಂದು ಮಾತು. ಕಿಡ್ನಿ ಕೊಡಿಸ್ತೀವಿ, ಮೊದಲು ರಿಜಿಸ್ಟ್ರೇಷನ್ ದುಡ್ಡು ಹಾಕಿ ಅಂತ ಮೆಸೇಜ್ ಬರುತ್ತೆ. ಅಂಗ ಮಾರುವುದೂ ಕೊಳ್ಳುವುದೂ 1994ರ ಕಾಯ್ದೆಯಲ್ಲಿ ಅಪರಾಧ. ಹಾಗಾಗಿ ದುಡ್ಡು ಕಳಕೊಂಡವರು ಫಾರಮ್ಮಿನಲ್ಲಿ ಅದನ್ನು ಬರೆಯುತ್ತಾರಾ? ನಮ್ಮಂಥವರ ಹತ್ತಿರ ಬಾಯಿ ಬಿಡುತ್ತಾರೆ.

ಕೇಳಿದವರು: ಹಾಗಾದರೆ ನಾನೇ ಗ್ರೂಪಿಗೆ ಸೇರಿ ಮೆಸೇಜ್ ಓದಬಹುದಾ?

ಪುತ್ತೂರು ಕಡೆಯವರು: ಬೇಡ. ಬೆಳಿಗ್ಗೆ ಅದರಲ್ಲಿ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ಯಾರೋ ತೀರಿಕೊಂಡ ಸುದ್ದಿ. ಮುಂದಿನ ಶಿಫ್ಟಿನಲ್ಲಿ ಬೆಡ್ ಖಾಲಿ ನೋಡುವುದು ನಾವು. ಅದನ್ನೆಲ್ಲ ನಿಮಗೆ ಅಂತ ಬರೆದಿಲ್ಲ. ಏನು ಓದಬಹುದು, ಏನು ಬಿಡಬೇಕು ಅಂತ ಗ್ರೂಪಿನವರೇ ಹೇಳಲಿ.

ಸಂಶೋಧನೆಯಲ್ಲಿರುವವರು, ಬೆಂಗಳೂರು: ಅಡ್ಮಿನ್ ಒಬ್ಬರು ಹೂಂ ಅಂದರೆ ಸಾಲದು, ಎಥಿಕ್ಸ್ ಕಮಿಟಿಗೂ ಹೋಗಿ. ಬಸ್ ಚಾರ್ಜು, ತಪ್ಪಿದ ಕೂಲಿ ಕೊಡಲು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಅವಕಾಶ ಇದೆ, ಬಜೆಟ್ಟಿನಲ್ಲಿ ಮೊದಲೇ ಹಾಕಿಕೊಳ್ಳಿ. ಗೈಡಿಗೆ ತೋರಿಸಲು ಒಂದು ಉದಾಹರಣೆ ಬೇಕಾದರೆ ಸಾಂಗ್ (SONG) ಅನ್ನುವ ಅಂತಾರಾಷ್ಟ್ರೀಯ ತಂಡದ ಕೆಲಸ ನೋಡಿ. ಡಯಾಲಿಸಿಸ್ ಅಧ್ಯಯನಗಳು ಏನನ್ನು ಅಳೆಯಬೇಕು ಅಂತ ಅವರು ರೋಗಿಗಳನ್ನೂ ಡಾಕ್ಟರರನ್ನೂ ಕೇಳಿದರು. ಊರಿಗೆ ಹೋಗಿಬರುವುದು, ಡಯಾಲಿಸಿಸ್ ಇಲ್ಲದ ಹೊತ್ತು, ಇವಕ್ಕೆ ಡಾಕ್ಟರರಿಗಿಂತ ರೋಗಿಗಳು ಜಾಸ್ತಿ ತೂಕ ಕೊಟ್ಟರು. ಕೊನೆಗೆ ಆರಿಸಿದ 4 ಮುಖ್ಯ ಅಂಶಗಳಲ್ಲಿ ಸುಸ್ತೂ ಒಂದು.

ಪುತ್ತೂರು ಕಡೆಯವರು: ಒಂದು ಬಿಟ್ಟುಹೋಯಿತು. ಮೀಟಿಂಗ್ ಮಾಡುವುದಾದರೆ ಡಯಾಲಿಸಿಸ್ ಇಲ್ಲದ ದಿನ ಮಾಡಿ, ಊಟ ತಿಂಡಿ ಏನು ಅಂತಲೂ ನಮ್ಮನ್ನೇ ಕೇಳಿ. ಹಿಂದೆ ಒಂದು ಕಡೆ ರೋಗಿಗಳ ಅಭಿಪ್ರಾಯ ತಿಳಿಯಲು ಅಂತ ನಮ್ಮ 6 ಜನರನ್ನು ಕರೆಸಿದ್ದರು. ಕೂತ ತಕ್ಷಣ ಎಲ್ಲರ ಮುಂದೆ ಒಂದೊಂದು ದೊಡ್ಡ ಲೋಟ ಕಿತ್ತಳೆ ಜ್ಯೂಸ್, ಒಂದೊಂದು ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು, ಕುಡಿಯುವ ನೀರನ್ನೂ ಅಳೆದು ಕುಡಿಯುವವರು ನಾವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡ್ರೈವರ್ ಬಂದು ಎರಡು ಲೋಟ ಕುಡಿದು ಹೋದ.